ಟಾಕಿಗೆ ಇಳಿಸಿದ ಕೋಲು

(ಕಲಬುರಗಿಯಲ್ಲಿ ವಸತಿ ಶಾಲೆಗಳ ವಾರ್ಡನ್‌ಗಳು ಮತ್ತು ಶಿಕ್ಷಕರ ಎದುರು ನಿವೃತ್ತ ವಿಜ್ಞಾನ ಶಿಕ್ಷಕಿಯೊಬ್ಬರು ಆಡಿದ ಮಾತುಗಳ ಬರಹ ರೂಪ)

ನನ್ನ ಕೈಯಲ್ಲಿರುವ ಈ ಕೋಲು ನೋಡಿ ಗಾಬರಿಯಾಗಬೇಡಿ. ಹೊಡೆಯೋ ಕಾಲ ಮುಗಿದಿದೆ, ನಾನೂ ನಿವೃತ್ತಳಾಗಿದ್ದೇನೆ. ಇದು ನಮ್ಮ ಶಾಲೆಯ ನೀರಿನ ಟಾಕಿಗೆ ಇಳಿಬಿಡುತ್ತಿದ್ದ ಬಿದಿರು ಕೋಲು. ಮುಂದೆ ಕೂತವರಿಗೆ ಕಾಣಬಹುದು, ಸೆಂಟಿಮೀಟರಿಗೊಂದು ಗೀರು ಹಾಕಿದ್ದಾರೆ. ಹತ್ತು ಗೀರಿಗೊಂದು ಕೆಂಪು ನೈಲ್ ಪಾಲಿಶ್ ಗೆರೆ. ಹಾಸ್ಟೆಲ್‌ಗೆ ನೈಲ್ ಪಾಲಿಶ್ ತರಬಾರದು ಅಂತ ನಾನೇ ನಿಯಮ ಮಾಡಿದ್ದೆ. ಆದರೂ ಎಲ್ಲಿಂದಲೋ ಬಂತು. ನಾನು ಕೇಳಲು ಹೋಗಲಿಲ್ಲ.

ಯಾದಗಿರಿ ಜಿಲ್ಲೆಯ ಒಂದು ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ, ಕೆಲವು ವರ್ಷ ವಾರ್ಡನ್ ಕೆಲಸವನ್ನೂ ನೋಡಿದೆ. ಆರರಿಂದ ಹತ್ತನೇ ತರಗತಿ, ತರಗತಿಗೆ 50, ಒಟ್ಟು 250 ಮಕ್ಕಳು. ಒಂದು ಮಾರ್ಚ್‌ನಲ್ಲಿ ನೀರು ಸಾಲದೇ ಬಂತು. ಬೋರು ಕೈಕೊಟ್ಟಿತ್ತು. ಟ್ಯಾಂಕರ್ ತರಿಸಿದರೂ ಮಧ್ಯಾಹ್ನಕ್ಕೆ ಟಾಕಿ ಖಾಲಿ. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳನ್ನು ನಿಲ್ಲಿಸಿ ಬೈದೆ. ನೀರು ಸುಮ್ನೆ ಚೆಲ್ತೀರಿ, ನಳ ಬಿಟ್ಟು ಹಲ್ಲು ಉಜ್ತೀರಿ, ಹೀಗೆಲ್ಲಾ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೈ ಎತ್ತಿದಳು. "ಟೀಚರ್, ನಾವು ಎಷ್ಟು ಚೆಲ್ತೀವಿ ಅಂತ ನಿಮಗ ಹ್ಯಾಂಗ ಗೊತ್ತಾತ್ರಿ?"

ಅವಳು ಎದುರುತ್ತರ ಕೊಡುತ್ತಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇಪ್ಪತ್ತು ವರ್ಷ ಅಳತೆ, ಪ್ರಯೋಗ ಅಂತ ಪಾಠ ಮಾಡಿದವಳು ನಾನು. ನಮ್ಮ ಟಾಕಿಯಿಂದ ದಿನಕ್ಕೆ ಎಷ್ಟು ನೀರು ಹೋಗುತ್ತದೆ ಅಂತ ಒಂದು ದಿನವೂ ಅಳೆದಿರಲಿಲ್ಲ.

ಆವತ್ತು ರಾತ್ರಿ ಒಂದು ಪ್ರಯೋಗ ಮಾಡಿದೆವು. ಸಂಜೆಯೇ ಬಕೀಟುಗಳಲ್ಲಿ ನೀರು ತುಂಬಿಟ್ಟೆವು. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಯಾರೂ ನಳ ತಿರುಗಿಸುವ ಹಾಗಿಲ್ಲ, ಮೋಟರ್ ಬಂದ್. ಹತ್ತಕ್ಕೆ ಸರಿಯಾಗಿ ಟಾಕಿಗೆ ಕೋಲು ಇಳಿಸಿ, ಒದ್ದೆಯಾದಲ್ಲಿ ಗುರುತು ಹಾಕಿದೆವು. ಬೆಳಿಗ್ಗೆ ಐದಕ್ಕೆ ಮತ್ತೆ ಇಳಿಸಿದೆವು. ಎಂಟು ಸೆಂಟಿಮೀಟರ್ ಕಡಿಮೆಯಾಗಿತ್ತು. ಸಿಮೆಂಟ್ ಟಾಕಿ, ಉದ್ದ ಎರಡೂವರೆ ಮೀಟರ್, ಅಗಲ ಎರಡು. ಗುಣಿಸಿ ನೋಡಿ. 400 ಲೀಟರ್. ಎಲ್ಲರೂ ಮಲಗಿದ್ದಾಗ, ಒಂದೇ ಒಂದು ನಳ ತಿರುಗಿಸದೇ, 400 ಲೀಟರ್ ಎಲ್ಲಿಗೋ ಹೋಗಿತ್ತು. ಏಳು ಗಂಟೆಗೆ ಅಷ್ಟಾದರೆ ದಿನಕ್ಕೆ ಸಾವಿರದ ಮುನ್ನೂರು ಲೀಟರ್ ದಾಟುತ್ತದೆ.

ಎಲ್ಲಿ ಅಂತ ಹುಡುಕಿದ್ದೂ ಮಕ್ಕಳೇ. ಮಾರ್ಚ್ ತಿಂಗಳು, ಅಂಗಳವೆಲ್ಲ ಒಣಗಿ ಬಿರುಕು ಬಿಟ್ಟಿದೆ. ಆರನೇ ತರಗತಿಯ ಪುಟ್ಟ ಹುಡುಗಿ ಬಂದು ನನ್ನ ಸೀರೆ ಸೆರಗು ಜಗ್ಗಿದಳು. "ಟೀಚರ್, ಅಲ್ಲಿ ಒಂದೇ ಕಡಿ ಗರಿಕಿ ಹಸರ್ ಅದ ನೋಡ್ರಿ." ಅಗೆದರೆ ಪೈಪಿನ ಜೋಡಣೆ ಬಿಟ್ಟಿತ್ತು. ನಿಮಗೆಲ್ಲ ಗೊತ್ತೇ ಇದೆ, ನಮ್ಮದು ಎರೆಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತದೆ. ಗೋಡೆಯನ್ನೇ ಸೀಳುವ ಮಣ್ಣಿಗೆ ಪ್ಲಾಸ್ಟಿಕ್ ಪೈಪ್ ಯಾವ ಲೆಕ್ಕ? ಅದಕ್ಕೇ ನಮ್ಮ ಕಡೆ ಪ್ರತಿ ಬೇಸಿಗೆಗೂ ನೆಲದೊಳಗಿನ ಪೈಪ್ ಒಡೆಯುತ್ತದೆ. ಪೈಪಿನ ಸುತ್ತ ಮರಳೋ ಗರಸೋ (ಸಣ್ಣ ಕಲ್ಲು ಬೆರೆತ ಮಣ್ಣು) ತುಂಬಿ ಮುಚ್ಚಿದರೆ ಮಣ್ಣಿನ ಎಳೆತ ಅದಕ್ಕೆ ಅಷ್ಟಾಗಿ ತಾಗುವುದಿಲ್ಲ. ಪ್ಲಂಬರ್‌ಗೆ ಇದು ಗೊತ್ತು. ಹೇಳದಿದ್ದರೆ ಮಾಡುವುದಿಲ್ಲ, ಅಷ್ಟೇ.

ಮರುದಿನ ಪ್ರಾರ್ಥನೆಯಲ್ಲಿ ಮಕ್ಕಳ ಕ್ಷಮೆ ಕೇಳಿದೆ. ಸುಲಭವಾಗಿರಲಿಲ್ಲ, ಆದರೆ ಆಮೇಲಿನ ಕೆಲಸಕ್ಕೆಲ್ಲ ಅದೇ ಬಂಡವಾಳವಾಯಿತು.

ಇವತ್ತು ನನಗೆ ಕೊಟ್ಟಿರುವ ವಿಷಯ "ವಸತಿ ಶಾಲೆಯಲ್ಲಿ ಪರಿಸರ ಸುಸ್ಥಿರತೆ". ಸುಸ್ಥಿರತೆ ಅನ್ನುವ ಪದ ಬಾಯಿಗೆ ಸ್ವಲ್ಪ ಭಾರ. ನಾನು ಅದನ್ನು ಮನೆ ನಡೆಸುವುದು ಅಂತ ತಿಳಿದುಕೊಂಡಿದ್ದೇನೆ. ಊರಿನ ಶಾಲೆಗೂ ನಮಗೂ ವ್ಯತ್ಯಾಸ ಇರುವುದು ಅಲ್ಲೇ. ಊರಿನ ಶಾಲೆಯ ಮಗು ಹತ್ತಕ್ಕೆ ಬಂದು ನಾಲ್ಕೂವರೆಗೆ ಹೋಗುತ್ತದೆ. ನಮ್ಮ ಮಗು ಅಲ್ಲೇ ಏಳುತ್ತದೆ, ಸ್ನಾನ ಮಾಡುತ್ತದೆ, ಉಣ್ಣುತ್ತದೆ, ಬಟ್ಟೆ ಒಗೆಯುತ್ತದೆ, ಅಲ್ಲೇ ಮಲಗುತ್ತದೆ. ಸರ್ಕಾರಿ ಲೆಕ್ಕದಲ್ಲೂ ಇದು ಕಾಣುತ್ತದೆ. ಭಾರತೀಯ ಮಾನಕದ ಪ್ರಕಾರ ಹಗಲಿನ ಶಾಲೆಗೆ ಮಗುವೊಂದಕ್ಕೆ ದಿನಕ್ಕೆ 45 ಲೀಟರ್ ನೀರು, ವಸತಿ ಶಾಲೆಗೆ 135. ಮೂರು ಪಟ್ಟು. 250 ಮಕ್ಕಳಿಗೆ 33,750 ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಆದರೆ ದಿನಕ್ಕೆ ಹೆಚ್ಚುಕಡಿಮೆ ಏಳು. ನಾವು ನಡೆಸುತ್ತಿರುವುದು ಶಾಲೆಯ ಬೋರ್ಡ್ ಹಾಕಿಕೊಂಡ ಒಂದು ಸಣ್ಣ ತಾಂಡಾ.

ಆದರೆ ನಾವು ಪರಿಸರ ಅಂದ ತಕ್ಷಣ ಏನು ಮಾಡುತ್ತೇವೆ? ಜೂನ್ 5 ಬರುತ್ತದೆ. ಫ್ಲೆಕ್ಸ್ ಕಟ್ಟಿಸುತ್ತೇವೆ. ಅದರ ಮೇಲೆ "ಪ್ಲಾಸ್ಟಿಕ್ ತ್ಯಜಿಸಿ" ಅಂತ ಬರೆಸುತ್ತೇವೆ. ಫ್ಲೆಕ್ಸ್ ಕೂಡ ಪ್ಲಾಸ್ಟಿಕ್ಕೇ ಅಲ್ವಾ? ಕರ್ನಾಟಕ 2016ರಲ್ಲಿ ಹೊರಡಿಸಿದ ನಿಷೇಧದ ಪಟ್ಟಿಯಲ್ಲಿ ಕೈಚೀಲದ ಜೊತೆಗೆ ಫ್ಲೆಕ್ಸೂ ಇದೆ. ಈಗ ಯಾರೂ ನನ್ನ ಹಿಂದೆ ಕಟ್ಟಿರುವುದನ್ನು ನೋಡಬೇಡಿ, ಸಂಘಟಕರಿಗೆ ಬೇಜಾರಾಗುತ್ತದೆ.

ಆಮೇಲೆ ಸಸಿ ನೆಡುತ್ತೇವೆ. ವಿಶ್ವ ಪರಿಸರ ದಿನ ಶುರುವಾಗಿದ್ದು 1973ರಲ್ಲಿ, ಅದರ ಹಿಂದಿನ ವರ್ಷ ಸ್ಟಾಕ್‌ಹೋಮ್‌ನಲ್ಲಿ ನಡೆದ ಸಮ್ಮೇಳನದ ನೆನಪಿಗೆ. ಅಲ್ಲಿ ದಿನಾಂಕ ಗೊತ್ತು ಮಾಡಿದವರಿಗೆ ನಮ್ಮ ಮೃಗಶಿರಾ ಮಳೆಯ ವಿಷಯ ಗೊತ್ತಿರಲಿಲ್ಲ. ಮೃಗಶಿರಾ ಹುಟ್ಟುವುದೇ ಜೂನ್ 7-8ಕ್ಕೆ. ಹುಟ್ಟಿದ ದಿನವೇ ಮಳೆ ಬರುತ್ತದೆ ಅಂತ ಗ್ಯಾರಂಟಿಯೂ ಇಲ್ಲ. 5ನೇ ತಾರೀಖು ನೆಲ ಇನ್ನೂ ಕಾದ ಹಂಚು. ಆ ಬಿರುಕು ಬಿಟ್ಟ ಎರೆಮಣ್ಣಿನಲ್ಲಿ ಗುಂಡಿ ತೋಡಿ ಸಸಿ ಇಟ್ಟರೆ ಸುತ್ತಲಿನ ಮಣ್ಣು ಅದರ ನೀರನ್ನೂ ಹೀರಿಕೊಳ್ಳುತ್ತದೆ. ಒಂದೇ ಗುಂಡಿಯಲ್ಲಿ ವರ್ಷ ವರ್ಷ ಹೊಸ ಸಸಿ ನೆಟ್ಟ ಫೋಟೋ ನನ್ನ ಹತ್ತಿರ ಮೂರು ವರ್ಷದ್ದಿದೆ. ಗುಂಡಿ ಅದೇ. ಮುಖ್ಯ ಅತಿಥಿ ಮಾತ್ರ ಬೇರೆ.

ನಾವು ಆಮೇಲೆ ಮಾಡಿದ್ದು ಇಷ್ಟು. 5ನೇ ತಾರೀಖು ಗುಂಡಿ ತೋಡಿ ಬಿಸಿಲಿಗೆ ಬಿಟ್ಟೆವು. ಭಾಷಣ, ಹಾಡು ಎಲ್ಲಾ ಆವತ್ತೇ ಮುಗಿಸಿದೆವು. ಸಸಿ ನೆಟ್ಟಿದ್ದು ಆರಿದ್ರಾ ಮಳೆಯಲ್ಲಿ, ಜೂನ್ ಕೊನೆಗೆ, ಎರಡು ಒಳ್ಳೆ ಮಳೆ ಆದಮೇಲೆ. ಗುಂಡಿಗೆ ಸ್ವಲ್ಪ ಗರಸು, ಸ್ವಲ್ಪ ತಿಪ್ಪೆ ಗೊಬ್ಬರ. ಬೇವು, ಹೊಂಗೆ, ಹುಣಸೆ, ಬೇಲಿಗುಂಟ ಸೀತಾಫಲ. ಬಂದವರಿಗೆ ಚಂದ ಕಾಣಲಿ ಅಂತ ಯಾವುದೋ ನರ್ಸರಿಯಿಂದ ಬಣ್ಣದ ಎಲೆಯ ಗಿಡ ತರಬೇಡಿ. ಮೇ ತಿಂಗಳಲ್ಲಿ ನಿಮಗೆ ಬೇಕಾಗಿರುವುದು ನೆರಳು. ನಮ್ಮ ಬಿಸಿಲಿಗೆ ನಿಂತು ನೆರಳು ಕೊಡುವ ಮರ ಯಾವುದು ಅಂತ ಯಾವುದೇ ಹಳ್ಳಿಯ ಹನುಮಂತನ ಗುಡಿ ಕಟ್ಟೆ ನೋಡಿದರೆ ಗೊತ್ತಾಗುತ್ತದೆ.

ಈಗ ಅಡುಗೆ ಮನೆಗೆ ಬನ್ನಿ. ನನ್ನ ಪ್ರಕಾರ ವಸತಿ ಶಾಲೆಯ ಪರಿಸರ ಪಾಠ ಶುರುವಾಗಬೇಕಾದ ಜಾಗ ಇದು.

ನೀರು ಅಳೆದ ಮೇಲೆ ಮಕ್ಕಳಿಗೆ ಅಳೆಯುವ ಹುಚ್ಚು ಹತ್ತಿತ್ತು. ಊಟದ ಹಾಲ್‌ನ ಕೈತೊಳೆಯುವ ಜಾಗದಲ್ಲಿ ಎರಡು ಬಕೀಟು ಇಟ್ಟೆವು. ತಟ್ಟೆಯಲ್ಲಿ ಬಿಟ್ಟಿದ್ದೆಲ್ಲ ಅದಕ್ಕೆ, ತೂಕ ಮಾಡಿ ಗೋಡೆಯ ಮೇಲಿನ ಹಾಳೆಯಲ್ಲಿ ಬರೆಯಬೇಕು. ಯಾರು ಬಿಟ್ಟರು ಅಂತ ಬರೆಯುವ ಹಾಗಿಲ್ಲ, ಎಷ್ಟು ಅಂತ ಮಾತ್ರ. ಈ ನಿಯಮದಲ್ಲಿ ನಾನು ಕಟ್ಟುನಿಟ್ಟು. ಹೆಸರು ಬರೆಯಲು ಶುರು ಮಾಡಿದರೆ ಮಕ್ಕಳು ಕಿಟಕಿಯಿಂದ ಎಸೆಯುತ್ತಾರೆ, ಬಕೀಟು ಖಾಲಿ ಇರುತ್ತದೆ, ನೀವು ಖುಷಿಯಾಗಿರುತ್ತೀರಿ. ತಲೆಗೆ 50 ಗ್ರಾಂ ಬಿಟ್ಟರೂ 250 ಮಕ್ಕಳಿಗೆ ಒಂದು ಹೊತ್ತಿಗೆ ಹನ್ನೆರಡೂವರೆ ಕಿಲೋ. ಮೊದಲ ವಾರ ಎರಡೂ ಬಕೀಟು ತುಂಬಿ ಮೂರನೆಯದು ತರಬೇಕಾಯಿತು.

ಹಾಳೆ ನೋಡಿದರೆ ಎರಡು ವಿಷಯ ಎದ್ದು ಕಂಡವು. ಉಪ್ಪಿಟ್ಟಿನ ದಿನ ಜಾಸ್ತಿ. ಮತ್ತೆ ಜೋಳದ ರೊಟ್ಟಿ. ಉಪ್ಪಿಟ್ಟು ಸರಿ, ಅರ್ಥವಾಗುತ್ತದೆ. ರೊಟ್ಟಿ ಯಾಕೆ? ಈ ಮಕ್ಕಳು ರೊಟ್ಟಿ ತಿಂದೇ ಬೆಳೆದವರು. ಮಕ್ಕಳಿಗೆ ಸೊಕ್ಕು ಬಂದಿದೆ ಅಂತ ಸ್ಟಾಫ್ ರೂಮಿನಲ್ಲಿ ಮಾತಾಯಿತು. ನಾನು ಅಡುಗೆ ಅಕ್ಕನನ್ನು ಕೇಳಿದೆ. ಅವರು ಒಂದು ರೊಟ್ಟಿ ತಂದು ನನ್ನ ಕೈಗೆ ಕೊಟ್ಟರು. "ನಾ ಮುಂಜಾನಿ ಹತ್ತಕ್ಕ ಬಡಿತೀನ್ರಿ ಮೇಡಂ. ಹುಡುಗ್ಯಾರು ಉಣ್ಣದು ಒಂದೂವರಿಗಿ. ನೀವೇ ತಿಂದು ನೋಡ್ರಿ."

ತಿಂದೆ. ಬಿಸಿ ರೊಟ್ಟಿಯ ಮೆತುವೂ ಇಲ್ಲ, ಖಡಕ್ ರೊಟ್ಟಿಯ ಕಟುಕುಟು ಅನ್ನುವ ಗುಣವೂ ಇಲ್ಲ. ಒಂದರ ಮೇಲೊಂದು ಪೇರಿಸಿ, ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟು, ಬೆವರಿ, ಚರ್ಮದ ಹಾಗಾಗಿತ್ತು. ಎಳೆದರೆ ಹರಿಯುವುದಿಲ್ಲ, ಅಗಿದರೆ ಮುಗಿಯುವುದಿಲ್ಲ. "ಹಂಗಾರ ಏನ್ ಮಾಡಬೇಕು ಅಕ್ಕಾ?" ಅಂದೆ. ಉತ್ತರ ತಯಾರಿತ್ತು, ಕೇಳಿದವರು ಇರಲಿಲ್ಲ. ಬಿಸಿ ಕೊಡಲು ಆಗದಿದ್ದರೆ ಪೂರ್ತಿ ಖಡಕ್ ಮಾಡಿಬಿಡೋಣ ಅಂದರು. ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಒಲೆಯ ಬದಿಗೆ ನಿಲ್ಲಿಸಿ ನೀರಿನ ಪಸೆ ಪೂರ್ತಿ ಆರಿಸುವುದು. ಆಮೇಲೆ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಡುವುದು. ಅದು ಮಧ್ಯಾಹ್ನಕ್ಕಲ್ಲ, ವಾರಕ್ಕೂ ಕೆಡುವುದಿಲ್ಲ. ಭಾನುವಾರ ಒಂದಷ್ಟು, ಬುಧವಾರ ಒಂದಷ್ಟು ಮಾಡಿಟ್ಟರೆ ದಿನಾ ಬೆಳಿಗ್ಗೆ ಅಷ್ಟು ಹೊತ್ತು ಗ್ಯಾಸ್ ಉರಿಸುವುದೂ ತಪ್ಪಿತು. ಮಕ್ಕಳು ಮುರಿದು ಬೇಳೆಯಲ್ಲಿ ಅದ್ದಿ, ಶೇಂಗಾ ಹಿಂಡಿ ಹಚ್ಚಿ ತಿಂದರು. ಊಟದ ಹಾಲ್‌ನಲ್ಲಿ ಆ ಕಟುಕುಟು ಸದ್ದು ಕೇಳಬೇಕು ನೀವು.

ಉಪ್ಪಿಟ್ಟಿಗೆ ಮದ್ದು ಇನ್ನೂ ಸರಳ. ಸೌಟು ದೊಡ್ಡದಿತ್ತು, ಸಣ್ಣದು ತಂದೆವು. ಬೇಕಾದವರು ಎರಡನೇ ಸಲ ಬರಲಿ. ಬಕೀಟು ಮೂರರಿಂದ ಒಂದಕ್ಕೆ ಇಳಿಯಿತು. ಉಳಿದ ಮುಸುರಿಯನ್ನು ಪಕ್ಕದ ಊರಿನ ಎಮ್ಮೆ ಸಾಕುವ ಅಜ್ಜಿ ಒಯ್ಯುತ್ತಿದ್ದರು.

ಜೋಳದ ಮಾತು ಬಂದಿದ್ದಕ್ಕೆ ಒಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಆಚರಿಸಿತು. ಆವಾಗ ನಮ್ಮ ಮಕ್ಕಳಿಗೆ ಪಾಠ ಮಾಡಲು ಬಂದವರೊಬ್ಬರು ಜೋಳ ತಿನ್ನಿ, ಜೋಳ ತಿನ್ನಿ ಅಂದರು. ಮಕ್ಕಳು ನಕ್ಕರು. ನಾವು ತಿನ್ನುತ್ತಲೇ ಇದ್ದೇವಲ್ಲ! ಆದರೆ ಯಾಕೆ ತಿನ್ನುತ್ತೇವೆ ಅಂತ ಅವರಿಗೂ ಗೊತ್ತಿರಲಿಲ್ಲ. ಹಿಂಗಾರಿ ಬಿಳಿಜೋಳ ಬಿತ್ತುವುದು ಮಳೆಗಾಲದ ಕೊನೆಗೆ. ಆಮೇಲೆ ಮೇಲಿನಿಂದ ಹನಿ ಬೀಳದಿದ್ದರೂ ಎರೆಮಣ್ಣು ಹೊಟ್ಟೆಯಲ್ಲಿ ಹಿಡಿದಿಟ್ಟ ತೇವದ ಮೇಲೆ, ಚಳಿಯ ಇಬ್ಬನಿಯಲ್ಲಿ ತೆನೆ ಕಟ್ಟುತ್ತದೆ. ತೊಗರಿ ಬಿತ್ತುವುದು ಮಳೆಗಾಲದ ಶುರುವಿಗೆ, ಆದರೆ ಕಾಯಿ ಕಟ್ಟುವುದು ಅದೇ ತೇವದ ಮೇಲೆ. ಬೇರು ಆಳಕ್ಕೆ ಇಳಿಸುತ್ತದೆ, ಗಾಳಿಯ ಸಾರಜನಕ ಹಿಡಿದು ಮಣ್ಣಿಗೆ ಕೊಡುತ್ತದೆ, ಬೇಳೆ ಕೊಟ್ಟ ಮೇಲೆ ಕಟ್ಟಿಗೆ ಒಲೆಗೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತೂ, ಅಂದರೆ ಜಿಐ ಟ್ಯಾಗ್, ಸಿಕ್ಕಿತು. ಪೈಪ್ ಒಡೆಯುವ ಅದೇ ಮಣ್ಣು ನಮಗೆ ರೊಟ್ಟಿ-ಬೇಳೆ ಕೊಡುತ್ತಿದೆ ಅಂತ ಪಾಠದಲ್ಲಿ ಹೇಳಿದಾಗ ಆ ಗರಿಕೆ ಹುಡುಕಿದ ಹುಡುಗಿ, "ಹಂಗಾರ ಬೈಬಾರದ್ರಿ ಅದಕ್ಕ" ಅಂದಳು.

ಮಳೆನೀರಿನ ವಿಷಯದಲ್ಲಿ ನಾನು ಒಂದು ಲೆಕ್ಕ ತಪ್ಪು ಮಾಡಿದ್ದೆ. ಅದನ್ನು ನಿಮ್ಮ ಮುಂದೆ ಇಡಬೇಕು.

ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಏಳನೇ ತರಗತಿಯ ಲೆಕ್ಕ. ಸಾವಿರ ಚದರ ಮೀಟರ್ ಮಾಳಿಗೆ, ವರ್ಷಕ್ಕೆ 700 ಮಿಲಿಮೀಟರ್ ಮಳೆ ಅಂತ ಇಟ್ಟುಕೊಳ್ಳಿ. ಏಳು ಲಕ್ಷ ಲೀಟರ್. ಸೋರಿಕೆ, ಆವಿ, ಮೊದಲ ಮಳೆಯ ಗಲೀಜು ಅಂತ ಐದರಲ್ಲಿ ಒಂದು ಪಾಲು ಬಿಟ್ಟರೂ ಐದು ಲಕ್ಷ ಅರವತ್ತು ಸಾವಿರ. ಈ ಸಂಖ್ಯೆ ಬೋರ್ಡಿನ ಮೇಲೆ ಬರೆದಾಗ ನನಗೆ ರೋಮಾಂಚನ ಆಯಿತು. ಮಕ್ಕಳು ಚಪ್ಪಾಳೆ ಹೊಡೆದರು. ಆಮೇಲೆ ಒಬ್ಬಳು ಅದನ್ನು 33,750ರಿಂದ ಭಾಗಿಸಿದಳು. ಹದಿನಾರೂವರೆ ದಿನ. ವರ್ಷವಿಡೀ ಬಿದ್ದ ಮಳೆಯೆಲ್ಲ ಹಿಡಿದರೂ ಹದಿನಾರೂವರೆ ದಿನಕ್ಕೆ ಖಾಲಿ. ಚಪ್ಪಾಳೆ ನಿಂತಿತು.

ಎರಡು ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಆಮೇಲೆ ಹೊಳೆಯಿತು, ನಾವು ಸಂಡಾಸಿಗೆ ಸುರಿಯುವ ನೀರನ್ನೂ ಕುಡಿಯುವ ನೀರನ್ನೂ ಒಂದೇ ಲೆಕ್ಕದಲ್ಲಿ ಹಾಕಿದ್ದೇವೆ. ಕುಡಿಯಲು ಮತ್ತು ಅಡುಗೆಗೆ ಮಾತ್ರ ತಲೆಗೆ ಏಳು ಲೀಟರ್ ಹಿಡಿಯಿರಿ. ದಿನಕ್ಕೆ 1,750 ಲೀಟರ್. ಅದೇ ಐದು ಲಕ್ಷ ಅರವತ್ತು ಸಾವಿರವನ್ನು ಇದರಿಂದ ಭಾಗಿಸಿದರೆ 320 ದಿನ! ಅಷ್ಟೂ ನೀರು ಕೂಡಿಡುವ ಟಾಕಿ ಕಟ್ಟಲು ಯಾರ ಹತ್ತಿರವೂ ದುಡ್ಡಿಲ್ಲ, ಅದು ಬೇರೆ ಮಾತು. ಆದರೆ ಒಂದು ಲಕ್ಷ ಲೀಟರಿನ ನೆಲಟಾಕಿ ಒಂದಿದ್ದರೂ 57 ದಿನದ ಕುಡಿಯುವ ನೀರು. ಫೆಬ್ರವರಿ, ಮಾರ್ಚ್ ಹೆಚ್ಚುಕಡಿಮೆ ದಾಟುತ್ತದೆ. ಪರೀಕ್ಷೆಯ ಹೊತ್ತಿನಲ್ಲಿ ಟ್ಯಾಂಕರ್ ದಾರಿ ಕಾಯುವುದು ತಪ್ಪುತ್ತದೆ. ನಮ್ಮ ಕಡೆ ಎಷ್ಟೋ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ, ಮಕ್ಕಳ ಹಲ್ಲು ನೋಡಿದರೇ ಗೊತ್ತಾಗುತ್ತದೆ. ಮಳೆನೀರಿಗೆ ಆ ಕಾಟ ಇಲ್ಲ. ಮೇ ಕೊನೆಗೆ ಮಾಳಿಗೆ ಗುಡಿಸಿ, ಪಾರಿವಾಳದ ಹಿಕ್ಕೆ ತೆಗೆದು, ಮೊದಲ ಒಂದೆರಡು ಮಳೆ ಹೊರಗೆ ಬಿಟ್ಟು, ಟಾಕಿಯ ಬಾಯಿಗೆ ಬೆಳಕು ಹೋಗದ ಹಾಗೆ ಮುಚ್ಚಬೇಕು. ಕುಡಿಯುವ ಮೊದಲು ಕುದಿಸುವುದೋ ಶೋಧಿಸುವುದೋ ಬಿಡಬೇಡಿ.

ಇಲ್ಲಿ ಬೀದರ್‌ನಿಂದ ಬಂದವರು ಯಾರಿದ್ದೀರಿ? ಕೈ ಎತ್ತಿ. ನಿಮಗೆ ಬೇರೆ ಮಾತು. ಮಳೆನೀರು ಕೊಯ್ಲು ಅಂದರೆ ಇಂಗುಗುಂಡಿ ಅಂತ ಎಲ್ಲ ಕಡೆ ಒಂದೇ ನಕ್ಷೆ ಕಳಿಸುತ್ತಾರೆ. ನಿಮ್ಮ ಕೆಂಪು ಮುರಕಲ್ಲಿನ ನೆಲ ಜರಡಿಯ ಹಾಗೆ, ನೀರು ಕುಡಿದು ಕೆಳಗೆ ಬಿಡುತ್ತದೆ. ನೌಬಾದ್‌ನ ಸುರಂಗ ಬಾವಿ ನೋಡಿದ್ದೀರಲ್ಲ? ಬಹಮನಿಗಳ ಕಾಲದ್ದು. ಮುರಕಲ್ಲಿನಲ್ಲಿ ಇಂಗಿ ಕೆಳಗಿನ ಗಟ್ಟಿ ಕಲ್ಲಿನ ಮೇಲೆ ನಿಂತ ನೀರನ್ನು, ನೆಲದೊಳಗೆ ಸಣ್ಣ ಇಳಿಜಾರಿನ ಸುರಂಗ ಕೊರೆದು, ಪಂಪಿಲ್ಲದೆ ಕರೆಂಟಿಲ್ಲದೆ ಊರಿಗೆ ತಂದರು. ಗಾಳಿ-ಬೆಳಕಿಗೆ ಮೇಲಿನಿಂದ ಅಲ್ಲಲ್ಲಿ ಬಾವಿ ತೋಡಿದ್ದಾರೆ. ಇರಾನಿನ ಕಡೆಯ ವಿದ್ಯೆ, ಬೀದರ್‌ನ ನೆಲಕ್ಕೆ ಹೊಂದಿತು. ಮಕ್ಕಳನ್ನು ಕೋಟೆ ತೋರಿಸಲು ಕರೆದುಕೊಂಡು ಹೋಗುತ್ತೀರಿ, ಈ ಕಂಡಿಗಳನ್ನೂ ತೋರಿಸಿ. ಅದೇ ಇಂಗುಗುಂಡಿಯನ್ನು ನಮ್ಮ ಎರೆನೆಲದಲ್ಲಿ ತೋಡಿದರೆ? ಮೊದಲ ಮಳೆಗೆ ಮಣ್ಣು ಉಬ್ಬಿ ತಳ ಮುಚ್ಚಿಕೊಳ್ಳುತ್ತದೆ. ಗುಂಡಿಯಲ್ಲಿ ನೀರು ನಿಂತು ಸೊಳ್ಳೆ ಸಾಕಣೆ ಕೇಂದ್ರ. ನಮ್ಮಲ್ಲಿ ಎರೆಯನ್ನು ದಾಟಿ ಗರಸಿನವರೆಗೆ ತೋಡಬೇಕು, ಆಗದಿದ್ದರೆ ಇಂಗಿಸುವ ಆಸೆ ಬಿಟ್ಟು ಟಾಕಿಯಲ್ಲಿ ಹಿಡಿಯಬೇಕು.

ನೀರು ಶುದ್ಧ ಮಾಡುವ ಆರ್‌ಓ ಮಷೀನ್ ನಿಮ್ಮಲ್ಲೂ ಇರಬಹುದು. ಒಂದು ಲೀಟರ್ ಒಳ್ಳೆ ನೀರು ಕೊಡಲು ಅದು ಒಂದೆರಡು ಲೀಟರ್, ಕೆಲವೊಮ್ಮೆ ಇನ್ನೂ ಜಾಸ್ತಿ, ಹೊರಗೆ ಬಿಡುತ್ತದೆ. ಆ ಪೈಪನ್ನು ಸೀದಾ ಗಟಾರಕ್ಕೆ ಬಿಟ್ಟಿರುತ್ತಾರೆ. ಅದನ್ನು ಒಂದು ಡ್ರಮ್ಮಿಗೆ ತಿರುಗಿಸಿ, ಸಂಡಾಸಿಗೆ, ನೆಲ ಒರೆಸಲು ಬಳಸಿ. ಗಿಡಕ್ಕೆ ಮಾತ್ರ ಹಾಕಬೇಡಿ. ಅದರಲ್ಲಿ ಉಪ್ಪಿನ ಅಂಶ ಒಟ್ಟಾಗಿರುತ್ತದೆ, ಎರೆಮಣ್ಣಿಗೆ ಸೇರಿದರೆ ನೆಲ ಜಿಗುಟಾಗಿ ಕಲ್ಲಾಗುತ್ತದೆ. ನಮ್ಮ ಒಂದು ಹೂವಿನ ಮಡಿ ಹೀಗೇ ಹೋಯಿತು. ಗಿಡಕ್ಕೆ ತರಕಾರಿ, ಅಕ್ಕಿ ತೊಳೆದ ನೀರು ಸಾಕು.

ಈಗ ಗಂಡಸರು ಸ್ವಲ್ಪ ಮುಜುಗರ ಪಡುತ್ತೀರಿ. ಪಡಬೇಡಿ. ನೀವೂ ಹೆಣ್ಣುಮಕ್ಕಳ ಹಾಸ್ಟೆಲ್ ನಡೆಸುತ್ತಿದ್ದೀರಿ.

ನಮ್ಮ ಸಂಡಾಸು ಪದೇ ಪದೇ ಕಟ್ಟಿಕೊಳ್ಳುತ್ತಿತ್ತು. ಕಾರಣ ಪ್ಯಾಡ್. ಮಕ್ಕಳಿಗೆ ಬೈದರು, ಬೋರ್ಡ್ ಹಾಕಿದರು, ದಂಡ ಅಂದರು. ಯಾವುದಕ್ಕೂ ಜಗ್ಗಲಿಲ್ಲ. ಕಟ್ಟಿಕೊಂಡಾಗೆಲ್ಲ ಊರಿನಿಂದ ಒಬ್ಬನನ್ನು ಕರೆಸಿ ಗುಂಡಿಗೆ ಇಳಿಸುವ ಮಾತಾಡುತ್ತಿದ್ದರು. ಮಲ ಬಳಿಯುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅದು ಅಪರಾಧ. ಕಾಯ್ದೆ ಇಲ್ಲದಿದ್ದರೂ ತಪ್ಪೇ. ನಾನು ಹಿರಿಯ ಹುಡುಗಿಯರ ಜೊತೆ ಬಾಗಿಲು ಹಾಕಿಕೊಂಡು ಕೂತೆ. ಸಂಡಾಸಿನೊಳಗೆ ಯಾಕೆ ಹಾಕುತ್ತೀರಿ? ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಳು ಹೇಳಿದಳು. ಕಸದ ಬುಟ್ಟಿ ಇರುವುದು ಕಾರಿಡಾರಿನ ಕೊನೆಗೆ. ಅಲ್ಲಿಗೆ ಹೋಗಬೇಕಾದರೆ ಎಲ್ಲರ ಮುಂದೆ ಕೈಯಲ್ಲಿ ಹಿಡಿದು ನಡೆಯಬೇಕು.

ಮುಚ್ಚಳ ಇರುವ ಬುಟ್ಟಿ ಒಳಗೇ, ಪ್ರತಿ ಬಾಗಿಲ ಹಿಂದೆ ಇಟ್ಟೆವು, ಪಕ್ಕದಲ್ಲಿ ಹಳೇ ಪೇಪರ್ ತುಂಡು. ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು. ಕೆಲವರು ಬಟ್ಟೆಯ ಪ್ಯಾಡ್ ಬಳಸುತ್ತೇವೆ ಅಂದರು. ಪ್ಯಾಡಿನಲ್ಲಿ ಪ್ಲಾಸ್ಟಿಕ್ ಇರುತ್ತದೆ, ಸಣ್ಣ ಉರಿಯಲ್ಲಿ ಸುಟ್ಟರೆ ಕೆಟ್ಟ ಹೊಗೆ ಅಂತ ನಾನು ಹೇಳಿದ್ದೆ. ಆದರೆ ಬಟ್ಟೆ ಎಲ್ಲಿ ಒಣಗಿಸಬೇಕು? ಅವರು ಟ್ರಂಕಿನ ಹಿಂದೆ, ಹಾಸಿಗೆ ಕೆಳಗೆ ಒಣಗಿಸುತ್ತಿದ್ದರು. ಬಿಸಿಲು ಕಾಣದ ಬಟ್ಟೆ ರೋಗಕ್ಕೆ ದಾರಿ. ಹಾಸ್ಟೆಲ್ ಹಿಂದೆ, ಎದೆಮಟ್ಟದ ಗೋಡೆಯ ಒಳಗೆ, ಮಧ್ಯಾಹ್ನದ ಬಿಸಿಲು ಬೀಳುವ ಕಡೆ ತಂತಿ ಕಟ್ಟಿಸಿದೆ. ಗಂಡಸರು ಆ ಕಡೆ ಬರುವ ಹಾಗಿಲ್ಲ. ಖರ್ಚಾಗಿದ್ದು ಒಂದು ಸುರುಳಿ ತಂತಿ, ಎರಡು ಮೊಳೆ. ಬಟ್ಟೆಯದ್ದೇ ಬಳಸಿ ಅಂತ ಯಾರಿಗೂ ಒತ್ತಾಯ ಮಾಡಲಿಲ್ಲ, ಮಾಡಲೂಬಾರದು. ಅದು ಅವರವರ ಮೈಗೆ ಬಿಟ್ಟಿದ್ದು.

ಕರೆಂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ದುಡ್ಡಿನ ಕೆಲಸ. ಹಳೆ ಫ್ಯಾನು 75 ವ್ಯಾಟ್, ಹೊಸ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. 60 ಫ್ಯಾನು ದಿನಕ್ಕೆ ಹತ್ತು ಗಂಟೆ ತಿರುಗಿದರೆ 27 ಯುನಿಟ್ ಉಳಿತಾಯ. ಫ್ಯಾನು ಸುಟ್ಟಾಗೆಲ್ಲ ಒಂದೊಂದೇ ಬದಲಾಯಿಸುತ್ತಾ ಹೋಗಿ. ಬೇಸಿಗೆಗೆ ಮುಂಚೆ ಮಾಳಿಗೆಗೆ ಬಿಳಿ ಸುಣ್ಣ ಹೊಡೆಸಿ, ಮೇಲಿನ ಅಂತಸ್ತಿನ ಮಕ್ಕಳಿಗೆ ಫರಕು ಗೊತ್ತಾಗುತ್ತದೆ. ಆದರೆ ನೆನಪಿಡಿ, ಮಳೆನೀರು ಹಿಡಿಯುವ ಮಾಳಿಗೆ ಆದರೆ ಮೊದಲ ಮಳೆಗಳನ್ನು ಇನ್ನೂ ಜಾಸ್ತಿ ಹೊರಗೆ ಬಿಡಬೇಕು.

ಸೋತಿದ್ದೂ ಹೇಳುತ್ತೇನೆ. ಗೋಬರ್ ಗ್ಯಾಸ್ ಹಾಕಿಸಿದೆವು, ಅಡುಗೆ ಮನೆಯ ಕಸಕ್ಕೆ ಅಂತ. ಎಂಟು ತಿಂಗಳು ಚೆನ್ನಾಗಿ ಉರಿಯಿತು. ಅದೂ ಒಂದು ಹೊಟ್ಟೆ ಇದ್ದ ಹಾಗೆ, ದಿನಾ ಊಟ ಹಾಕಬೇಕು. ಬೇಸಿಗೆ ರಜೆ ಬಂತು, ಮಕ್ಕಳು ಊರಿಗೆ ಹೋದರು, ಕಸ ಇಲ್ಲ. ಜೂನ್‌ನಲ್ಲಿ ಬಂದು ನೋಡಿದರೆ ಒಳಗೆ ಹುಳಿ ವಾಸನೆ, ಗ್ಯಾಸ್ ಇಲ್ಲ. ಸೆಗಣಿ ಕಲಸಿ ಮತ್ತೆ ಶುರು ಮಾಡಬಹುದಿತ್ತು. ನನಗೆ ಆ ವರ್ಷ ಕೈ ಸೋತಿತ್ತು, ಬಿಟ್ಟೆ. ನೀವು ಹಾಕಿಸುವುದಾದರೆ ರಜೆಯಲ್ಲಿ ಸೆಗಣಿ ಹಾಕುವವರು ಯಾರು ಅಂತ ಮೊದಲೇ ಮಾತಾಡಿಕೊಂಡು ಹಾಕಿಸಿ.

ಇನ್ನೊಂದು ತಪ್ಪು ಭೇಟಿ ದಿನದ್ದು. ಭಾನುವಾರ ತಂದೆ-ತಾಯಿ ಬರುತ್ತಾರೆ, ಚಿಪ್ಸ್ ಪಾಕೀಟು, ಶಾಂಪೂ ಪಾಕೀಟು ತರುತ್ತಾರೆ. ಗೇಟಿನಲ್ಲಿ ತಪಾಸಣೆ ಮಾಡಿಸಿ ಕಸಿದುಕೊಂಡೆ. ಒಬ್ಬ ತಾಯಿ, ಸುರಪುರದ ಕಡೆಯಿಂದ ಎರಡು ಬಸ್ಸು ಬದಲಾಯಿಸಿ ಬಂದವರು, ಹತ್ತು ರೂಪಾಯಿಯ ಆ ಪಾಕೀಟು ಹಿಡಿದುಕೊಂಡು ನನ್ನ ಮುಖ ನೋಡಿದರು. ಕೂಲಿ ಬಿಟ್ಟು ಬಂದಿದ್ದರು. ಮಗಳಿಗೆ ತರಲು ದಾರಿಯಲ್ಲಿ ಸಿಕ್ಕಿದ್ದು ಅದೇ. ಮರುವಾರದಿಂದ ತಪಾಸಣೆ ನಿಲ್ಲಿಸಿದೆ. ಬದಲಿಗೆ ಗೇಟಿನ ಹತ್ತಿರ ಒಂದು ಗಡಿಗೆ ತಣ್ಣೀರು, ಒಂದು ಚೀಲ ಇಟ್ಟೆವು. ಹೋಗುವಾಗ ಖಾಲಿ ಪಾಕೀಟು ಚೀಲಕ್ಕೆ ಹಾಕಿ ಹೋಗ್ರಿ ಅಂದೆವು. ಹಾಕಿದರು. ಕೆಲವರು ಮುಂದಿನ ಸಲ ಶೇಂಗಾ ಉಂಡಿ ಕಟ್ಟಿಕೊಂಡು ಬಂದರು.

ಹಿಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ. "ಮೇಡಂ, ಎಲ್ಲಾ ಸರಿ. ಏಪ್ರಿಲ್-ಮೇನಲ್ಲಿ ನಾವ್ಯಾರೂ ಇರುವುದಿಲ್ಲ. ಸಸಿಗೆ ನೀರು ಯಾರು ಹಾಕುತ್ತಾರೆ?" ಯಾರು ಬರೆದಿದ್ದೋ, ಅನುಭವಸ್ಥರು.

ನಮ್ಮಲ್ಲಿ ಇದ್ದವನು ವಾಚ್‌ಮನ್ ಒಬ್ಬನೇ, ಅವನ ಹೆಂಡತಿ, ಮತ್ತೆ ಎರಡು ಆಡು. ಮೊದಲ ವರ್ಷ ಸಸಿಗೆ ನೀರು ಹಾಕು ಅಂತ ಹೇಳಿ ಹೋದೆ. ಬಂದು ನೋಡಿದರೆ ಸಸಿಯೂ ಇಲ್ಲ, ಎಲೆಯೂ ಇಲ್ಲ. ಆಡು ಮಾತ್ರ ಚೆನ್ನಾಗಿ ದಪ್ಪಗಾಗಿದ್ದವು. ಅವನನ್ನು ಬೈದು ಏನು ಪ್ರಯೋಜನ? ಸಂಬಳ ಕಾಯುವುದಕ್ಕೆ ಕೊಡುತ್ತೇವೆ, ತೋಟಕ್ಕೆ ಕೊಡುವುದಿಲ್ಲ. ಎರಡನೇ ವರ್ಷ ಸಸಿಗಳ ಮಧ್ಯೆ ಒಂದು ಪಟ್ಟಿ ಜಾಗ ಅವನ ಹೆಂಡತಿಗೆ ಬಿಟ್ಟುಕೊಟ್ಟೆವು, ಏನು ಬೇಕಾದರೂ ಬೆಳೆದುಕೋ, ನಿನ್ನದೇ ಅಂತ. ಪ್ರತಿ ಸಸಿಯ ಬುಡಕ್ಕೆ ಮಣ್ಣಿನ ಗಡಿಗೆ ಕತ್ತಿನವರೆಗೆ ಹೂತೆವು. ತುಂಬಿಸಿ ಮುಚ್ಚಿದರೆ ಮೂರ್ನಾಲ್ಕು ದಿನ ನಿಧಾನಕ್ಕೆ ಒಸರುತ್ತದೆ, ದಿನಾ ಕೊಡ ಹೊರುವುದು ಬೇಡ.

ಜೂನ್‌ನಲ್ಲಿ ಹೋದಾಗ ಗೇಟಿನ ಒಳಗೆ ಇನ್ನೊಂದು ಮುಳ್ಳಿನ ಬೇಲಿ ಎದ್ದಿತ್ತು. ಹಾಕಿದವಳು ಆಕೆಯೇ. ಆಡು ಎರಡೂ ಹೊರಗೆ ಕಟ್ಟಿದ್ದವು. ನನ್ನನ್ನು ಕಂಡು ಸೆರಗಿನಲ್ಲಿ ನಾಲ್ಕು ಬದನೆಕಾಯಿ ತಂದು ಕೊಟ್ಟಳು. "ನಿಮ್ಮ ಗಿಡ ಎಲ್ಲಾ ಛಲೋ ಅದಾವ್ರಿ, ಒಂದು ಹುಣಸಿ ಒಣಗ್ಯಾದ. ಆ ಗಡಗಿ ಒಡೆದಿತ್ರಿ, ನಾ ನೋಡಲಿಲ್ಲ."